ಕಲ್ಲಿನ ನೀರಾನೆ

ಇಪ್ಪತ್ತನೆಯ ಏಟಿಗೆ ರೆಹುವಿನ ಅಂಗಾಲು ಒಡೆಯಿತು. ಹೊಡೆಯುತ್ತಿದ್ದ ಕಾವಲಿನವನು ಬೆವರು ಒರೆಸಿಕೊಂಡು ಕೋಲನ್ನು ಎಡಗೈಗೆ ಬದಲಿಸಿದ.

"ನಾನಲ್ಲ! ಅರಸನ ಜೀವದಾಣೆ, ನಾನಲ್ಲ!"

ಅಂಗಳದ ಮೂಲೆಯಲ್ಲಿ ಅವನ ಹೆಂಡತಿ ಹೆಮಿ ಶೋಕದ ಗುರುತಾಗಿ ತಲೆಗೆ ನೈಲ್‌ ನದಿಯ ಕೆಸರು ಬಳಿದುಕೊಂಡು ಕುಳಿತಿದ್ದಳು. ಒಳಗೆ ಅವಳ ಅಣ್ಣ ಅಂಖುವಿನ ಹೆಣ. ವಿಚಾರಣೆಗೆ ಬಂದ ಅಧಿಕಾರಿ ಸೆನ್ಬಿಯ ಕಾಲ ಬಳಿ ರಕ್ತ ಮೆತ್ತಿದ ಕಲ್ಲಿನ ನೀರಾನೆ. ಕೆಂಪು ಬಿಳಿ ಕಲ್ಲಿನಲ್ಲಿ ರೆಹು ನಾಲ್ಕು ತಿಂಗಳು ಕಡೆದ ಭರಣಿ ಅದು. ಬೆನ್ನ ಮೇಲೆ ಬಾಯಿ, ಹೊಟ್ಟೆಯೊಳಗೆ ಸುಗಂಧತೈಲ ತುಂಬಲು ಟೊಳ್ಳು. ಅದರ ಒಂದು ಕಿವಿ ಮುರಿದು ಅಂಖುವಿನ ಬುರುಡೆಯಲ್ಲೇ ಉಳಿದಿತ್ತು.

"ನಿನ್ನ ಕೈಕೆಲಸ ತಾನೆ ಇದು?" ಸೆನ್ಬಿ ಕೇಳಿದ.

"ಭರಣಿ ನಂದೇ, ಒಡೆಯಾ. ಕೊಲೆ ನಂದಲ್ಲ. ಭಾವ ದಣಿದು ಬಂದಿದ್ದ. ಮಲಕ್ಕೋ ಅಂತ ಚಾಪೆ ಕೊಟ್ಟು, ಕಲ್ಲು ಉಜ್ಜೋಕೆ ಮರಳು ತರೋಣ ಅಂತ ಹೊಳೆಗೆ ಹೋದೆ."

"ಆಹಾ, ಎಂಥಾ ಉಪಚಾರ!" ಬಾಗಿಲಲ್ಲಿ ನೆರೆದಿದ್ದ ಹೆಂಗಸರಲ್ಲಿ ಒಬ್ಬಳು ಕೂಗಿದಳು. "ತಂಗೀನ ಕರ್ಕೊಂಡು ಹೋಗೋಕೆ ಬಂದೋನನ್ನ ಮುಗಿಸಿಬಿಟ್ಟ, ಪಾಪಿ!"

ಕೇರಿಗೆಲ್ಲ ಗೊತ್ತಿತ್ತು. ಹೆಮಿಯ ಮುಂದಿನ ಎರಡು ಹಲ್ಲು ಹೇಗೆ ಹೋದವು, ಎಡಗೈ ಯಾಕೆ ಸೊಟ್ಟಗೆ ಕೂಡಿಕೊಂಡಿತು ಎಂಬುದೆಲ್ಲ. ನೆರೆ ಬಂದ ಕಾಲದಲ್ಲೇ ಅವಳು ಅಣ್ಣನಿಗೆ ಹೇಳಿ ಕಳಿಸಿದ್ದಳು. ಈಗ ಗೋಧಿ ಕೊಯ್ಲೂ ಮುಗಿದಿತ್ತು.

ಸೆನ್ಬಿ ದನಿ ತಗ್ಗಿಸಿದ. "ನೀನೇನು ಕಂಡೆ, ತಾಯಿ?"

"ಬಟ್ಟೆ ಒಗೆದು ಬಂದೆ. ಅಣ್ಣ ಬಂದಿರೋದೇ ಗೊತ್ತಿರಲಿಲ್ಲ, ಒಡೆಯಾ. ಬಿಸಿಲಿಗೆ ಮುಖ ಮುಚ್ಕೊಂಡಿದ್ದ. ಮುಸುಕು ಸರಿಸಿದಾಗಲೇ..."

"ಇವನು ಹೊಳೆಗೆ ಹೋಗಿದ್ದನ್ನ ನೋಡಿದೆಯಾ?"

"ಇಲ್ಲ. ಮನೇಲೇ ಇದ್ದಾರೆ ಅಂದ್ಕೊಂಡಿದ್ದೆ. ಆ ಹೊತ್ತಿಗೆ ದಿನಾ ಮನೇಲೇ ಇರ್ತಾರೆ."

ರೆಹು ಕಟ್ಟಿದ ಹಗ್ಗವನ್ನೇ ಕಿತ್ತುಹಾಕುವವನಂತೆ ಎಗರಿದ. "ಲೇ ಹಾದರಗಿತ್ತಿ! ಈ ಕಟ್ಟು ಬಿಚ್ಚಲಿ, ನಿನ್ನ ಇನ್ನೊಂದು ಕೈನೂ ಮುರೀತೀನಿ!"

ಸೆನ್ಬಿ ಕಾವಲಿನವನಿಗೆ ಸನ್ನೆ ಮಾಡಿದ. ಮತ್ತೆ ಕೋಲು ಬಿತ್ತು. ಕಾಲಿಗೆ, ಬೆನ್ನಿಗೆ, ಮೂವತ್ತು ವರ್ಷ ಕಲ್ಲು ಕೊರೆದ ಬೆರಳುಗಳಿಗೆ. ಮೂಳೆ ಮುರಿದ ಸದ್ದು ಬಾಗಿಲವರೆಗೂ ಕೇಳಿಸಿತು. ಹೆಮಿ ಮುಖ ತಿರುಗಿಸಲಿಲ್ಲ.

"ಹೌದು," ರೆಹು ಕೊನೆಗೆ ರಕ್ತ ಉಗುಳಿದ. "ನಾನೇ ಕೊಂದೆ. ಸಾಕು ನಿಲ್ಲಿಸಿ. ನಾನೇ."

ಅವನನ್ನು ದರದರ ಎಳೆದೊಯ್ದರು. ಕೇರಿಯವರು ಕೈಗೆ ಸಿಕ್ಕಿದ್ದನ್ನು ಎಸೆದರು. ಶೂಲ ತಪ್ಪಿದ್ದಲ್ಲ ಎಂದು ಸೆನ್ಬಿ ಹೋಗುವಾಗ ಹೆಮಿಗೆ ಸಮಾಧಾನ ಹೇಳಿದ. "ನಿನ್ನ ಅಣ್ಣನಿಗೆ ನ್ಯಾಯ ಸಿಕ್ಕಿತು, ತಾಯಿ."

ಹೆಂಗಸರು ಅವಳನ್ನು ತಬ್ಬಿ, ಅತ್ತು, ಒಬ್ಬೊಬ್ಬರಾಗಿ ಮನೆಗೆ ಹೋದರು. ಹೆಮಿ ಒಳಗೆ ಹೋಗಿ ಕದ ಹಾಕಿಕೊಂಡಳು. ಅಣ್ಣನ ಒಡೆದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ನಿಧಾನವಾಗಿ ತೊಳೆದಳು. ಆಮೇಲೆ ಅವನ ಕಿವಿಯ ಬಳಿ ಬಗ್ಗಿದಳು.

"ಮಲಗಿರೋದು ಅವನು ಅಂತ ಹೊಡೆದೆ, ಅಣ್ಣಾ."