ಕಸ್ತೂರಕ್ಕ ಕಳಿಸದೇ ಬಿಟ್ಟ ಮೆಸೇಜ್

ಇದನ್ನು ಓದಿ ಕೆಲವರು ಮೂಗು ಮುರೀತೀರಿ, ಗೊತ್ತು... ಮುರೀರಿ. ಆದರೆ ಪೂರ್ತಿ ಓದಿ ಆಮೇಲೆ ಮುರೀರಿ.

ಒಂದು ದೊಡ್ಡ ಊರು. ಅಲ್ಲಿ ಕಸ್ತೂರಕ್ಕ ಅಂತ ಒಬ್ಬ ಹೆಂಗಸು. ಗಂಡ ಬಿಟ್ಟು ಹೋದಮೇಲೆ ಹದಿನೈದು ವರ್ಷ ಮೈ ಮಾರಿ, ಮಗಳನ್ನು ಬಿ.ಎಡ್. ತನಕ ಓದಿಸಿದವಳು.

ಈಗ ಆ ಕೆಲಸ ಬಿಟ್ಟು ಮನೆಯಲ್ಲೇ ಟೈಲರಿಂಗ್ ಮಾಡ್ತಿದ್ದಳು. ಆದರೆ ಇನ್ನೂ ಅದೇ ಕೆಲಸದಲ್ಲಿದ್ದ ಅರವತ್ತು ಹೆಣ್ಣುಮಕ್ಕಳನ್ನು ಬಿಡೋಕೆ ಅವಳಿಗೆ ಮನಸ್ಸಾಗಲಿಲ್ಲ.

ಅವರಿಗಾಗಿ ಫೋನಿನಲ್ಲಿ ಒಂದು ಗ್ರೂಪ್ ನಡೆಸುತ್ತಿದ್ದಳು. ಹೆಸರು ‘ಕಾಟನ್ ಸೀರೆ ಸೇಲ್’. ಬೇರೆಯವರು ನೋಡಿದರೆ ಸೀರೆ ವ್ಯಾಪಾರ ಅಂದುಕೊಳ್ಳಲಿ ಅಂತ...

ಯಾರಾದರೂ ಗಿರಾಕಿ ಫೋನ್ ಮಾಡಿದರೆ, ಅವನ ನಂಬರಿನ ಕೊನೇ ನಾಲ್ಕು ಅಂಕಿ ಗ್ರೂಪಿಗೆ ಹಾಕಬೇಕು. ಅವನ ಕೈಲಿ ಏಟು ತಿಂದವರು ಯಾರಾದರೂ ಇದ್ದರೆ ‘ಬೇಡ’ ಅಂತ ಬರೀತಿದ್ದರು.

ಹತ್ತು ನಿಮಿಷ ಯಾರೂ ಏನೂ ಅನ್ನದಿದ್ದರೆ... ಧೈರ್ಯವಾಗಿ ಹೋಗಬಹುದು ಅಂತ ಅರ್ಥ. ಈ ನಿಯಮ ಮಾಡಿದ್ದೂ ಕಸ್ತೂರಕ್ಕನೇ.

ಅಷ್ಟರಲ್ಲಿ ಕಾನೂನು ಬದಲಾಯಿತು.

ಇಂಥ ಹೆಂಗಸರ ಹತ್ತಿರ ಹೋಗುವ ಗಂಡಸಿಗೂ ಶಿಕ್ಷೆ... ಜಾಹೀರಾತು ಹಾಕುವ ವೆಬ್‌ಸೈಟ್‌ಗಳು ಬಂದ್... ಇಂಥ ಗ್ರೂಪ್ ನಡೆಸುವವರೂ ದಲ್ಲಾಳಿಗಳೇ! ಹೆಣ್ಣುಮಕ್ಕಳು ಪಾರಾದರು ಅಂತ ಟಿವಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ.

ಪಾರಾದವರು ಯಾರು ಸ್ವಾಮಿ? ಹೆಂಡತಿ ಸತ್ತ ದುಃಖ ಹೇಳಿಕೊಳ್ಳೋಕೆ ಅಂತಲೇ ಬುಧವಾರ ಬುಧವಾರ ಬರುತ್ತಿದ್ದ ಮುದುಕ ಮೇಷ್ಟ್ರು ಕೂಡ ಕೇಸಿಗೆ ಹೆದರಿ ನಂಬರ್ ಬ್ಲಾಕ್ ಮಾಡಿದರು.

ಹೆದರುವವರೆಲ್ಲ ಬಿಟ್ಟು ಹೋದರು. ಯಾವುದಕ್ಕೂ ಹೆದರದ ಪುಂಡರು ಉಳಿದರು... ಹೊಟ್ಟೆ ಕೇಳಬೇಕಲ್ಲ, ಹುಡುಗಿಯರು ಅವರ ಹತ್ತಿರವೇ ಹೋಗಬೇಕಾಯಿತು.

ಪರಿಚಯದ ಲಾಯರ್ ಕಸ್ತೂರಕ್ಕನನ್ನು ಕರೆಸಿ ಹೇಳಿದರು, “ನೋಡಮ್ಮ, ಆ ಗ್ರೂಪ್ ಇವತ್ತೇ ಡಿಲೀಟ್ ಮಾಡು. ಇನ್ನು ಅವರಿಗೆ ಒಂದು ಮೆಸೇಜ್ ಹಾಕಿದರೂ ದಂಧೆ ನಡೆಸೋಳು ನೀನೇ ಅಂತಾರೆ. ನೀನು ಒಳಗೆ ಹೋದರೆ ಮಗಳ ಗತಿ ಏನು?”

ಮಗಳ ಮಾತು ಬಂದಿದ್ದೇ ತಡ, ಕಸ್ತೂರಕ್ಕ ಫೋನ್ ತೆಗೆದಳು. ಅಲ್ಲೇ ಕೂತು ಗ್ರೂಪ್ ಡಿಲೀಟ್ ಮಾಡಿದಳು.

ಮೂರು ವಾರ ಕಳೆಯಿತು...

ಒಂದು ಮಧ್ಯಾಹ್ನ ಬ್ಲೌಸಿಗೆ ಹುಕ್ಸ್ ಹಾಕುತ್ತಿದ್ದಾಗ ಫೋನ್ ಸದ್ದು ಮಾಡಿತು. ಸುವರ್ಣಾ. ಇಪ್ಪತ್ತಾರರ ಹುಡುಗಿ, ಮಾತಿಗೆ ಮುಂಚೆ ‘ಅಕ್ಕಾ’ ಅನ್ನೋಳು. ಗ್ರೂಪ್ ಹೋದಮೇಲೆ ಅವಳಿಗೆ ಕೇಳೋಕೆ ಇನ್ನು ಯಾರಿದ್ದರು?

ಮೆಸೇಜಿನಲ್ಲಿ ಇದ್ದದ್ದು ನಾಲ್ಕು ಅಂಕಿ ಮಾತ್ರ.

ನೋಡಿದ್ದೇ ಕಸ್ತೂರಕ್ಕನಿಗೆ ಗುರುತು ಸಿಕ್ಕಿತು. ಆ ನಂಬರಿಗೆ ಹಿಂದೆ ಮೂರು ಸಲ ‘ಬೇಡ’ ಬಿದ್ದಿತ್ತು. ಒಬ್ಬಳ ಕೈಯನ್ನೇ ಮುರಿದಿದ್ದ ಪಾಪಿ!

ಬೆರಳು ಫೋನಿನ ಮೇಲೆ ಹೋಯಿತು... ಎರಡಕ್ಷರ ಒತ್ತಿದ್ದರೆ ಮುಗೀತಿತ್ತು. ಅಷ್ಟರಲ್ಲಿ ಲಾಯರ್ ಮಾತು ನೆನಪಾಯಿತು. ಮಗಳ ಮುಖ ಕಣ್ಣ ಮುಂದೆ ಬಂತು.

‘ನಾನು ಉತ್ತರ ಕೊಡದಿದ್ದರೆ ಅವಳೇ ಹೆದರಿ ಹೋಗಲ್ಲ ಬಿಡು’ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು, ಫೋನ್ ಮಗುಚಿಟ್ಟು ಮತ್ತೆ ಸೂಜಿ ಹಿಡಿದಳು.

ಮಾರನೇ ದಿನ ಸುದ್ದಿ ಬಂತು. ಸುವರ್ಣಾ ಸರ್ಕಾರಿ ಆಸ್ಪತ್ರೆಯಲ್ಲಿದ್ದಳು.

ದವಡೆ ಮುರಿದಿತ್ತು, ಹಲ್ಲಿಗೆ ತಂತಿ ಬಿಗಿದಿದ್ದರು. ಒಂದು ಕಣ್ಣಿಗೆ ಬ್ಯಾಂಡೇಜ್... ಆ ಕಣ್ಣು ಇನ್ನು ಕಾಣೋದಿಲ್ಲ ಅಂತ ಡಾಕ್ಟರ್ ಹೇಳಿಯಾಗಿತ್ತು.

“ಯಾಕೆ ಹೋದೆ ನನ್ನವ್ವಾ...” ಕಸ್ತೂರಕ್ಕ ಬಿಕ್ಕಿದಳು.

ಬಾಯಿ ಬಿಡೋಕೆ ಆಗದ ಹುಡುಗಿ ಫೋನಿನಲ್ಲಿ ನಿಧಾನವಾಗಿ ಟೈಪ್ ಮಾಡಿ ಅಕ್ಕನ ಮುಂದೆ ಹಿಡಿದಳು.

“ನಿನಗೆ ನಂಬರ್ ಕಳಿಸಿದ್ದೆನಲ್ಲ ಅಕ್ಕಾ... ಹತ್ತಲ್ಲ, ಇಪ್ಪತ್ತು ನಿಮಿಷ ಕಾದೆ. ನೀನು ಬೇಡ ಅನ್ನಲಿಲ್ಲ. ಅದಕ್ಕೇ ಧೈರ್ಯ ಮಾಡಿ ಹೋದೆ.”

ಕಸ್ತೂರಕ್ಕ ಅದನ್ನು ಎರಡೆರಡು ಸಲ ಓದಿದಳು. ತಾನೇ ಮಾಡಿದ ನಿಯಮ... ಹೆದರಿಕೆಯಲ್ಲಿ ತಾನೇ ಮರೆತಿದ್ದಳು!

ಸುವರ್ಣಾ ಮತ್ತೆ ಟೈಪ್ ಮಾಡಿದಳು. “ನೀನು ಮೆಸೇಜ್ ನೋಡಿರಲಿಲ್ಲ ಅಲ್ವಾ ಅಕ್ಕಾ?”

ಹೌದು ಅಂದಿದ್ದರೆ ಮುಗೀತಿತ್ತು. ಪಾಪ, ಆ ಹುಡುಗಿಯೇ ದಾರಿ ಮಾಡಿಕೊಟ್ಟಿದ್ದಳು.

“ನೋಡಿದ್ದೆ ಕಣೇ... ನೋಡಿಯೂ ಹೆದರಿ ಸುಮ್ಮನಿದ್ದೆ.”

ಸುವರ್ಣಾ ಫೋನ್ ಕೆಳಗಿಟ್ಟಳು. ಮುಖ ಗೋಡೆ ಕಡೆ ತಿರುಗಿಸಿಕೊಂಡಳು. ಕಸ್ತೂರಕ್ಕ ಎಷ್ಟು ಕರೆದರೂ ಮತ್ತೆ ಈ ಕಡೆ ತಿರುಗಲಿಲ್ಲ.

ವಾರ್ಡಿನ ಹೊರಗೆ ನಿಂತಿದ್ದ ಕಾನ್‌ಸ್ಟೇಬಲ್ ಹೇಳಿದ, “ಆ ಗಿರಾಕಿಯನ್ನು ಕೇಳಿದರೆ, ಮೆಟ್ಟಿಲಿಂದ ಬಿದ್ದಳು ಅಂತಿದ್ದಾನೆ. ಅಲ್ಲ ಅನ್ನೋಕೆ ಸಾಕ್ಷಿ ಯಾರಿದ್ದಾರಮ್ಮ?”

ಕಸ್ತೂರಕ್ಕ ಮಗಳಿಗೆ ಫೋನ್ ಮಾಡಿದಳು. “ಸಂಜೆ ನಾನು ಬರದಿದ್ದರೆ ಚಿಕ್ಕಮ್ಮನ ಮನೆಗೆ ಹೋಗು ಮಗಾ. ಯಾಕೆ ಅಂತ ಆಮೇಲೆ ಹೇಳ್ತೀನಿ.”

ಸೀದಾ ಸ್ಟೇಷನ್ನಿಗೆ ಹೋದಳು. “ಸುವರ್ಣಾಗೆ ಹೊಡೆದವನು ಇದಕ್ಕೆ ಮುಂಚೆಯೂ ಮೂವರಿಗೆ ಹೊಡೆದಿದ್ದಾನೆ ಸರ್.”

ಇನ್‌ಸ್ಪೆಕ್ಟರ್ ತಲೆ ಎತ್ತಿದರು. “ನಿನಗೆ ಹೇಗಮ್ಮ ಗೊತ್ತು?”

ಕಸ್ತೂರಕ್ಕ ತನ್ನ ಫೋನ್ ತೆಗೆದು ಮೇಜಿನ ಮೇಲಿಟ್ಟಳು.

“ಆ ಹುಡುಗಿಯರ ಗ್ರೂಪ್ ನಡೆಸ್ತಿದ್ದವಳು ನಾನೇ ಸರ್. ಬರ್ಕೊಳ್ಳಿ.”

ಆ ದಿನ ಸ್ಟೇಷನ್ನಿನಲ್ಲಿ ಎರಡು ಕೇಸ್ ದಾಖಲಾದವು. ಒಂದು ಅವನ ಮೇಲೆ... ಇನ್ನೊಂದು ಕಸ್ತೂರಕ್ಕನ ಮೇಲೆ.

*ನಮ್ಮನ್ನು ನಂಬಿದವರು ನಮ್ಮ ಮಾತನ್ನಷ್ಟೇ ಅಲ್ಲ, ನಮ್ಮ ಮೌನವನ್ನೂ ನಂಬಿ ಹೆಜ್ಜೆ ಇಡುತ್ತಾರೆ.*

ಹೆದರಿ ಸುಮ್ಮನೆ ಕೂತಿರುವ ನಿಮ್ಮ ಒಂದು ಮಾತಿಗಾಗಿ ಇವತ್ತು ಯಾರು ಕಾಯ್ತಿದ್ದಾರೆ... ಯೋಚಿಸಿದ್ದೀರಾ?