ಬಾಯಿ ಮುಚ್ಚಿದ ಪೈಪು

ವ್ಯಾನಿನ ಕೆಳಗೆ ಮತ್ತೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಅದರ ಮಾಲೀಕ ಗ್ಯಾರೇಜಿನ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು, ವ್ಯಾನ್ ಓಡಿಸುವ ತನ್ನ ತಂಗಿಯ ಗಂಡನನ್ನು ಮೇಲಿಂದ ಕೆಳಗೆ ನೋಡಿದ. ಇವತ್ತೇ ಕಡೇ ದಿನ, ನಾಳೆಯಿಂದ ಬೇರೆ ಡ್ರೈವರ್ ಬರುತ್ತಾನೆ ಎಂದ. ಗೇರು ಹಾಕಲು ಬಾರದವನಿಗೆ ತಂಗಿಯನ್ನು ಕೊಟ್ಟಿದ್ದೇ ತಪ್ಪು, ಮೇಲೆ ಗಾಡಿ ಬೇರೆ ಕೊಟ್ಟೆನಲ್ಲ ಎಂದೂ ಸೇರಿಸಿದ.

ಗ್ಯಾರೇಜಿನ ಮೇಸ್ತ್ರಿ ಆಗಲೇ ಹೊಸ ಆಯಿಲ್ ಸೀಲ್ ತೆಗೆದಿಟ್ಟುಕೊಂಡಿದ್ದ. ಇಂಜಿನ್ನಿನ ಆಯಿಲ್ ಹೊರಗೆ ಬಾರದಂತೆ ತಡೆಯುವ ಆ ರಬ್ಬರ್ ಬಳೆಯನ್ನು ಎಷ್ಟು ಸಲ ಬದಲಾಯಿಸಿದ್ದನೋ ಅವನಿಗೇ ನೆನಪಿಲ್ಲ. ಹಾಕುವುದು, ಸೋರುವುದು, ಮತ್ತೆ ಹಾಕುವುದು; ನಾಯಿ ಬಾಲ ನೆಟ್ಟಗೆ ಮಾಡಲು ಹೊರಟ ಹಾಗೆ. ರೋಗ ಸೀಲಿನದಲ್ಲ ಎಂದು ಮೇಸ್ತ್ರಿಗೂ ಗೊತ್ತು, ಡ್ರೈವರಿಗೂ ಗೊತ್ತು. ಇಂಜಿನ್ ಉಸಿರು ಬಿಡುವ ಪೈಪಿನ ಬಾಯಿಗೆ ಮಾಲೀಕನೇ ಹಳೇ ಬನಿಯನ್ ಚೂರು ತುರುಕಿದ್ದ. ಅಲ್ಲಿಂದ ಹೊಗೆ ಬಂದು ತೊಳೆದ ಇಂಜಿನ್ ಕೊಳೆಯಾಗುತ್ತದಂತೆ! ಒಳಗಿನ ಗಾಳಿಗೆ ದಾರಿ ಬೇಡವೇ? ಅದು ಸೀಲನ್ನು ತಳ್ಳಿಕೊಂಡು ಆಯಿಲ್ ಸಮೇತ ಹೊರಗೆ ಬರುತ್ತಿತ್ತು. ಇವರು ಬಟ್ಟೆ ಕಿತ್ತಾಗಲೆಲ್ಲ ಆ ಮಹಾಶಯ ಇನ್ನೊಂದು ಚೂರು ಹುಡುಕಿ ತುರುಕುತ್ತಿದ್ದ.

ಹೇಳುವವರು ಯಾರು? ಆ ಮನೆಯಲ್ಲಿ ಅವನಿಗೆ ಎದುರಾಡುವ ಪದ್ಧತಿಯೇ ಇರಲಿಲ್ಲ. ಅವನು ಮೊಲಕ್ಕೆ ಮೂರೇ ಕಾಲು ಅಂದರೆ ಉಳಿದವರು ನಾಲ್ಕನೆಯದನ್ನು ಮುಚ್ಚಿಡಬೇಕು. ಅಣ್ಣನ ಹತ್ತಿರ ಬಾಯಿ ಬಿಡಕೂಡದು ಎಂದು ಹೆಂಡತಿ ಡ್ರೈವರನಿಂದ ಆಣೆ ಮಾಡಿಸಿಕೊಂಡಿದ್ದಳು. ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ಅರ್ಧ ಮಾಲೀಕನವೇ ಆದ್ದರಿಂದ ಮೇಸ್ತ್ರಿಗೆ ಆಣೆಯೂ ಬೇಕಿರಲಿಲ್ಲ.

ಆದರೆ ಇವತ್ತು ಅನ್ನಕ್ಕೇ ಕಲ್ಲು ಬೀಳುತ್ತಿತ್ತು. ಡ್ರೈವರ್ ಬಾನೆಟ್ ಎತ್ತಿದ, ಬಟ್ಟೆ ಎಳೆದ, ಮಾಲೀಕನ ಕೈಗೇ ಕೊಟ್ಟ.

“ಭಾವ, ಸೋರೋದು ಇದರಿಂದ. ಇದನ್ನ ತುರುಕದೇ ಇದ್ರೆ ಸೀಲ್ ತಡೆಯುತ್ತೆ.”

ಮಾಲೀಕ ಬಟ್ಟೆಯನ್ನು ತಿರುಗಿಸಿ ನೋಡಿದ. ಮೇಸ್ತ್ರಿ ಸ್ಪ್ಯಾನರ್ ಒರೆಸತೊಡಗಿದ.

“ಯಾವಾಗಿಂದ ಗೊತ್ತು ನಿನಗೆ?”

“ಮೊದಲಿಂದಲೂ ಗೊತ್ತು ಭಾವ. ನಿಮಗೆ ಹೇಗೆ ಹೇಳೋದು ಅಂತ…”

ಮಾಲೀಕನಿಗೆ ನಾಚಿಕೆಯಾಗಬೇಕಿತ್ತು. ಅದರ ಬದಲು ಮುಖ ಅರಳಿತು. ಕೆಲಸದಿಂದ ತೆಗೆಯಲು ಈಗ ಸರಿಯಾದ ಕಾರಣ ಸಿಕ್ಕಿತ್ತು.

“ಗೊತ್ತಿದ್ದೂ ನನ್ನ ಗಾಡಿ ಹಾಳಾಗೋಕೆ ಬಿಟ್ಟೆ. ಗೊತ್ತಿಲ್ಲದೋನನ್ನಾದ್ರೂ ಇಟ್ಕೋಬಹುದು, ನಿನ್ನಂಥೋನನ್ನ ಹೇಗೆ ಇಟ್ಕೊಳ್ಳಲಿ?” ಎಂದವನೇ ಮೇಸ್ತ್ರಿಯ ಕಡೆ ತಿರುಗಿದ. “ನಿನಗೆ ಗೊತ್ತಿತ್ತಾ?”

ಡ್ರೈವರ್ ಮೇಸ್ತ್ರಿಯ ಮುಖ ನೋಡಿದ. ಆ ಬಟ್ಟೆಯನ್ನು ತನಗೆ ಮೊದಲು ತೋರಿಸಿದವನೇ ಮೇಸ್ತ್ರಿ.

“ಅಯ್ಯೋ, ನನಗೇನು ಗೊತ್ತು ಸಾರ್?” ಎಂದ ಮೇಸ್ತ್ರಿ. “ನಾನೂ ಈಗಲೇ ನೋಡ್ತಿರೋದು.”

ಮಾಲೀಕ ಅವನ ಬೆನ್ನು ತಟ್ಟಿ ತಂಗಿಯ ಗಂಡನಿಗೆ ಹೇಳಿದ:

“ನೋಡು. ನಿಯತ್ತು ಅಂದ್ರೆ ಇದು.”