ಉಳ್ಳಾಗಡ್ಡಿಯವರ ಹುಡುಗಿ

ಉಳ್ಳಾಗಡ್ಡಿ ಹೆಚ್ಚುವಾಗ ಈಗಲೂ ನನಗೆ ಕೂಡ್ಲಿಗಿಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಉಳ್ಳಾಗಡ್ಡಿ ಎಂದರೆ ಈರುಳ್ಳಿ; ನಮ್ಮ ಮನೆತನದ ಅಡ್ಡಹೆಸರೂ ಅದೇ. "ಈ ಹೆಸರಿನ ದೊಡ್ಡೋರು ಯಾರಾದ್ರೂ ಅದಾರೇನು?" ಎಂದು ಮೇಷ್ಟ್ರು ಕೇಳಿದಾಗ ಇಡೀ ತರಗತಿ ನಕ್ಕಿತ್ತು. ಸಂಜೆ ಅಜ್ಜಿಗೆ ಹೇಳಿದೆ. ಸಿಪ್ಪೆ ಸುಲಿಯುತ್ತಲೇ ಆಕೆ, "ಇನ್ನ ಆಗ್ತಾರ ತಗಾ" ಎಂದಿದ್ದಳು.

ಆ ವರ್ಷ ಕೂಡ್ಲಿಗಿಯಲ್ಲಿ ಮಧ್ಯಾಹ್ನ ನಡೆದ ತಾಲ್ಲೂಕಿನ ಓಟದ ಸ್ಪರ್ಧೆಯಲ್ಲಿ ನಾನು ಎಲ್ಲರಿಗಿಂತ ಮೊದಲು ಗೆರೆ ದಾಟಿದೆ. ಅದೇ ಮೇಷ್ಟ್ರು ಮೈಕಿನಲ್ಲಿ ಅಡ್ಡಹೆಸರು ಬಿಟ್ಟು ನನ್ನ ಹೆಸರಷ್ಟೇ ಕೂಗಿದರು. ಓಟ ನೋಡಲು ಬಂದಿದ್ದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮೈದಾನದ ನಡುವೆಯೇ ನಡೆದು ಬಂದಳು.

"ಪೂರ್ತಿ ಹೇಳ್ರಿ ಸರ. ದೊಡ್ಡೋರು ಯಾರಂತ ಕೇಳಿದ್ರಲ್ಲ, ಈಕೀನ ನೋಡ್ರಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು "ಉಳ್ಳಾಗಡ್ಡಿ" ಎಂದರು. ಚಪ್ಪಾಳೆ ಬಿತ್ತು. ಉಳ್ಳಾಗಡ್ಡಿಯ ವಾಸನೆ ಅಂಟಿದ ಕೈಯಿಂದ ನನ್ನ ಕೆನ್ನೆ ಹಿಡಿದ ಅಜ್ಜಿ ಮತ್ತೆ ಮೈಕಿನ ಕಡೆ ತಿರುಗಿದಳು.

"ಇನ್ನೊಮ್ಮೆ ಕೂಗ್ರಿ. ಹಿಂದ ಕುಂತೋರಿಗೆ ಕೇಳ್ಸಿಲ್ಲ."